ಹರಿಹರದ ವೀರಗಲ್ಲಿನ ಮುಂದೆ

ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಪಾಠವನ್ನು ಕ್ಲಾಸಿನೊಳಗೇ ಮುಗಿಸಿದರೆ ಸಮಾಧಾನವಿರಲಿಲ್ಲ. ಪದ್ಯದಲ್ಲಿ ಹೊಳೆ ಬಂದರೆ ಹೊಳೆ ತೋರಿಸಬೇಕು, ಗುಡಿ ಬಂದರೆ ಗುಡಿ. ದಾವಣಗೆರೆಯಲ್ಲಿ ನಮಗೆ ಕಾಣುತ್ತಿದ್ದುದು ಗಿರಣಿಯ ಚಿಮಣಿ, ಹತ್ತಿ ಹೇರಿದ ಗಾಡಿ. ಹಾಗಾಗಿ ವರ್ಷಕ್ಕೊಮ್ಮೆ ಒಂಬತ್ತನೇ ಕ್ಲಾಸಿನವರನ್ನು ಬೆಳಗಿನ ಪ್ಯಾಸೆಂಜರ್ ರೈಲಿಗೆ ಹತ್ತಿಸಿ ಹರಿಹರಕ್ಕೆ ಕರೆದೊಯ್ಯುತ್ತಿದ್ದರು.

ನಮ್ಮ ಸರದಿ ಬಂದದ್ದು ಚೀನಾದವರೊಡನೆ ಯುದ್ಧವಾದ ವರ್ಷ, ಯುದ್ಧಕ್ಕೆ ಸ್ವಲ್ಪ ಮುಂಚೆ. ರೈಲಿನಲ್ಲಿ ನನ್ನ ಪಕ್ಕ ಕೂತಿದ್ದವಳು ನನ್ನ ಆಪ್ತ ಗೆಳತಿ. ಅವಳ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಒಬ್ಬನೇ ಅಣ್ಣ ಮಿಲಿಟರಿ ಸೇರಿ ಎಲ್ಲೋ ಉತ್ತರದ ಗಡಿಯಲ್ಲಿದ್ದ. ಮನೆಮಾತು ಉರ್ದುವಾದರೂ ಹಳಗನ್ನಡವನ್ನು ತಡವರಿಸದೆ ಓದುತ್ತಿದ್ದವಳು ಕ್ಲಾಸಿನಲ್ಲಿ ಅವಳೊಬ್ಬಳೇ.

ಗುಡಿಯ ಶಾಸನಗಳನ್ನು ನೋಡಿ ಮುಗಿಸಿದ ಮೇಲೆ ಮೇಷ್ಟ್ರು ನಮ್ಮನ್ನು ಹೊಳೆಯ ದಾರಿಯಲ್ಲಿದ್ದ ಒಂದು ವೀರಗಲ್ಲಿನ ಹತ್ತಿರ ನಿಲ್ಲಿಸಿದರು. ಕೆಳಗಿನ ಸಾಲಿನಲ್ಲಿ ಯೋಧ ಕತ್ತಿ ಹಿಡಿದು ಹೋರಾಡುತ್ತಿದ್ದ. ನಡುವೆ ದೇವಕನ್ಯೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದರು. ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕೈಮುಗಿದು ಕೂತಿದ್ದ. ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದ ಯುದ್ಧದ ಪದ್ಯವನ್ನು ಮೇಷ್ಟ್ರು ಅಲ್ಲಿ ನಿಂತು ಎತ್ತರದ ದನಿಯಲ್ಲಿ ಹಾಡಿದರು. ನಮಗೆಲ್ಲ ಮೈ ಜುಮ್ಮೆಂದಿತು.

ಹಾಡು ನಿಂತ ಮೇಲೆ ಗೆಳತಿ ಕೇಳಿದಳು: "ಇದ್ರಾಗೆ ಇವನ ತಾಯಿ ಎಲ್ಲದಾಳ್ರಿ ಸಾರ್?"

ಕೆಲವರು ನಕ್ಕರು. ಮೇಷ್ಟ್ರು ನಗಲಿಲ್ಲ. ಬಗ್ಗಿ ಮೂರೂ ಸಾಲುಗಳನ್ನು ಮತ್ತೆ ನೋಡಿದರು.

"ಕೆತ್ತಿಲ್ಲವ್ವ," ಎಂದರು. "ಇಷ್ಟು ವರ್ಷ ಈ ಕಲ್ಲು ತೋರಿಸ್ತಾ ಬಂದೀನಿ. ನಾನೂ ಕೇಳ್ಕೊಂಡಿರ್ಲಿಲ್ಲ."

ಯುದ್ಧ ಬಂತು, ಮುಗಿಯಿತು. ಚಳಿಗಾಲದಲ್ಲಿ ಗೆಳತಿಯ ಮನೆಗೆ ತಂತಿ ಬಂತು. ಅಣ್ಣ ಕಾಣೆಯಾಗಿದ್ದಾನೆ ಎಂದಷ್ಟೇ ಅದರಲ್ಲಿತ್ತು. ಸತ್ತನೆಂದಿರಲಿಲ್ಲ, ಸೆರೆಯಾದನೆಂದೂ ಇರಲಿಲ್ಲ. ಅವಳ ತಾಯಿ ಹಾಸಿಗೆ ಹಿಡಿದರು. ಮನೆಗೆಲಸವೆಲ್ಲ ಅವಳ ತಲೆಯ ಮೇಲೆ ಬಿದ್ದು, ಸ್ಕೂಲು ನಿಂತಿತು. ನಾನು ಸಂಜೆ ಹೋದರೆ ಒಲೆಯ ಮುಂದೆ ಕೂತಿರುತ್ತಿದ್ದಳು. ಪಾಠದ ಸುದ್ದಿ ಎತ್ತಿದರೆ ಬೇರೆ ಮಾತು ತೆಗೆಯುತ್ತಿದ್ದಳು.

ಮರುವರ್ಷ ಹರಿಹರಕ್ಕೆ ಹೊರಡುವ ಮುಂಚಿನ ದಿನ ಮೇಷ್ಟ್ರು ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದರು. ಸ್ಕೂಲು ಬಿಟ್ಟರೇನಂತೆ, ನಾಳೆ ಒಂದು ದಿನ ಮಗಳನ್ನು ಕಳಿಸಿಕೊಡಿ ಎಂದು ಕೇಳಿದರು. ತಂದೆ ತಲೆ ತಗ್ಗಿಸಿ ಕೂತಿದ್ದರು. ಪರದೆಯ ಆಚೆಯಿಂದ ತಾಯಿಯ ದನಿ ಬಂತು.

"ಅದೇನೋ ಸಿಪಾಯಿ ಕಲ್ಲು ಅಂತ ಇವಳು ಹೇಳಿದ್ಲು. ನಾನೂ ಬಂದು ನೋಡ್ಬಹುದೇನ್ರಿ?"

"ಬರ್ರಿ ತಾಯಿ," ಎಂದರು ಮೇಷ್ಟ್ರು.

ಮರುದಿನ ಹುಡುಗ ಹುಡುಗಿಯರ ಗುಂಪಿನ ಹಿಂದೆ ಬುರ್ಖಾ ಹಾಕಿಕೊಂಡ ಆ ತಾಯಿ ಮಗಳ ತೋಳು ಹಿಡಿದು ನಿಧಾನವಾಗಿ ನಡೆದರು. ಮೇಷ್ಟ್ರ ಅಪ್ಪಣೆ ಪಡೆದು ನಾನೂ ಜೊತೆಗಿದ್ದೆ. ಕಲ್ಲಿನ ಮುಂದೆ ಅವರು ಮುಸುಕು ಮೇಲೆತ್ತಿದರು. ಆ ವರ್ಷ ಮೇಷ್ಟ್ರು ಪದ್ಯ ಹಾಡಲಿಲ್ಲ. ತಾಯಿ ಕೈಮುಗಿಯಲಿಲ್ಲ. ಕೆಳಸಾಲಿನ ಯೋಧನ ಸವೆದ ಮುಖದ ಮೇಲೆ ಬೆರಳಾಡಿಸಿದರು.

"ಈ ಕಲ್ಲು ಯಾರು ನಿಲ್ಸಿದ್ರು?"

"ಮನೆಯೋರು ಇರಬೇಕು. ಇಲ್ಲಾಂದ್ರೆ ಊರೋರು."

"ಅಂದ್ರೆ ಅವ್ರಿಗೆ ಗೊತ್ತಿತ್ತು, ಹುಡುಗ ಹೋದ ಅಂತ."

"ಹೌದು ತಾಯಿ, ಗೊತ್ತಿತ್ತು."

"ನಮಗೆ ಅದೂ ಗೊತ್ತಿಲ್ಲ," ಎಂದು ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ತಂತಿ ಬಂದ ದಿನದಿಂದ ಒಂದು ಹನಿ ಕಣ್ಣೀರು ಹಾಕಿರದ ಹೆಂಗಸು ಅಂದು ಮಕ್ಕಳೆಲ್ಲರ ಎದುರಿಗೆ ಅತ್ತರು. ಗೆಳತಿ ಪಕ್ಕದಲ್ಲಿ ಕೂತು ಅವರ ಬೆನ್ನು ಸವರುತ್ತಿದ್ದಳು. ಮೇಷ್ಟ್ರು ಹೊಳೆಯ ಕಡೆ ಮುಖ ತಿರುಗಿಸಿ ನಿಂತರು.

ಆಮೇಲೆ ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು. ಗೆಳತಿಯನ್ನು ರಾಣೆಬೆನ್ನೂರಿಗೆ ಮದುವೆ ಮಾಡಿಕೊಟ್ಟರು. ನೆಂಟರು ಎಷ್ಟು ಹೇಳಿದರೂ ಸತ್ತವರಿಗಾಗಿ ಓದಿಸುವ ಫಾತೇಹವನ್ನು ಮಗನ ಹೆಸರಿನಲ್ಲಿ ಓದಿಸಲು ಆ ತಾಯಿ ಒಪ್ಪಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಅವರು ತೀರಿಕೊಂಡರು. ಸುದ್ದಿ ತಿಳಿದು ಹೋದಾಗ, ತವರಿಗೆ ಬಂದಿದ್ದ ಗೆಳತಿ ನನ್ನನ್ನು ಒಳಗೆ ಕರೆದು ಕೂರಿಸಿಕೊಂಡಳು. ಅಮ್ಮಿಯ ಜೊತೆಗೆ ಅಣ್ಣನಿಗೂ ಸೇರಿಸಿ ಓದಿಸಿದೆ ಎಂದಳು.

"ಇಷ್ಟು ದಿನ ಅಮ್ಮಿ ಕಾಯ್ತಿದ್ಲು. ಇನ್ನು ನನ್ನ ಕೈಲಿ ಕಾಯಾಕ ಆಗಲ್ಲ."