ಬೆಲ್ಲದ ಕೊಪ್ಪರಿಗೆಯಲ್ಲಿ ಅಕ್ಕನಿಗೆ ಜಾಗವಿರಲಿಲ್ಲ

ನಾನು ಚಿಕ್ಕವನಿದ್ದಾಗ, ಮಕ್ಕಳೇ, ಮಳೆಗಾಲದ ಕೃಷ್ಣೆ ಏರಿ ಬಂದು ನಮ್ಮ ತೋಟದ ಮನೆಯ ಸುತ್ತ ನಿಂತುಬಿಡುತ್ತಿದ್ದಳು. ಕೆಂಪು ನೀರಿನ ಮೇಲೆ ಕಬ್ಬಿನ ಗರಿಗಳಷ್ಟೇ ಕಾಣುತ್ತಿದ್ದವು. ಕಬ್ಬಿನಿಂದ ಉದುರಿ ಕೊಳೆತ ರವದಿಯ ವಾಸನೆ ಹಾಸಿಗೆಯವರೆಗೂ ಬರುತ್ತಿತ್ತು. ಆಗ ದಡಕ್ಕೆ ಹೋಗಲು ನಮಗಿದ್ದದ್ದು ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆ. ಅಪ್ಪ ಅದನ್ನೇ ತೇಲಿಬಿಟ್ಟು, ಹಾಲಿನ ಕ್ಯಾನುಗಳನ್ನಿಟ್ಟುಕೊಂಡು, ಗಳ ಊರುತ್ತ ದಾಟುತ್ತಿದ್ದ.

ಆ ವರ್ಷ ಅಕ್ಕ ಏಳನೇ ಇಯತ್ತೆಯಲ್ಲಿದ್ದಳು. ಆಫ್ರಿಕದ ವಿಕ್ಟೋರಿಯಾ ಸರೋವರದ ನಡುವೆ ಇರುವ ಉಕೆರೆವೆ ದ್ವೀಪದ ಬಗ್ಗೆ ಗುರುಗಳು ಪಾಠ ಹೇಳಿದ್ದರು. ಅಲ್ಲಿನವರು ಮೀನು ಹಿಡಿಯುತ್ತಾರೆ, ಭತ್ತ, ಮರಗೆಣಸು ಬೆಳೆಯುತ್ತಾರೆ, ಹೆಣ್ಣು ಗಂಡೆನ್ನದೆ ದೋಣಿ ಹತ್ತಿ ಸಂತೆಗೆ ಹೋಗುತ್ತಾರೆ.

"ಅವರೂ ನಮ್ಮಂಗ ನೀರಿನ ನಡುವ ಇರ್ತಾರ ನೋಡೋ" ಎಂದು ಅಕ್ಕ ನನಗೆ ಹೇಳಿದ್ದೇ ಹೇಳಿದ್ದು. ಶಾಲೆಗೆ ಇನ್ಸ್‌ಪೆಕ್ಟರ್ ಬರುವ ದಿನ ಅವಳು ಅದನ್ನೇ ಮಾತನಾಡಬೇಕಿತ್ತು. ಅವರು ಮೆಚ್ಚಿದರೆ ಹೈಸ್ಕೂಲಿಗೆ ಕಳಿಸಲು ಅಪ್ಪ ಒಪ್ಪಿದ್ದ.

ಆ ಬೆಳಿಗ್ಗೆ ಅಕ್ಕ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹಾಕಿಕೊಂಡು ನೀರಿನಂಚಿಗೆ ಬಂದಳು. ಅಪ್ಪ ಕೈ ಅಡ್ಡ ಹಿಡಿದ. ಕೊಪ್ಪರಿಗೆ ಎಂದರೆ ಲಕ್ಷ್ಮಿ, ದೊಡ್ಡವಳಾದ ಹುಡುಗಿ ಅದರಲ್ಲಿ ಕಾಲಿಟ್ಟರೆ ಬೆಲ್ಲ ಕೆಡುತ್ತದೆ ಎಂಬುದು ನಮ್ಮ ಗಾಣದ ಕಟ್ಟಳೆ. ಅಕ್ಕ ಆ ಬೇಸಿಗೆಯಲ್ಲಷ್ಟೇ ದೊಡ್ಡವಳಾಗಿದ್ದಳು.

ಜ್ವರ ಬಂದಿದ್ದ ಕರುವನ್ನು ಮಾತ್ರ ಅಪ್ಪ ದವಾಖಾನೆಗೆಂದು ಎತ್ತಿ ಕೊಪ್ಪರಿಗೆಯೊಳಗೆ ನಿಲ್ಲಿಸಿದ. ಅದು ಅಲ್ಲೇ ಸಗಣಿ ಹಾಕಿತು.

"ಅಪ್ಪಾ, ಆ ಕರಾನೂ ಹೆಣ್ಣ ಐತಲ್ಲ?" ಎಂದಳು ಅಕ್ಕ.

"ಅದು ಗೋಮಾತಾ. ನೀ ಸುಮ್ಮ ಒಳಗ ನಡಿ."

"ಇನ್ಸ್‌ಪೆಕ್ಟರ್ ಬಂದಿರ್ತಾರಪಾ..."

"ಆಂವ ಏನ್ ನಮ್ಮ ಬೀಗನ? ಸಿಟ್ಟಾದ್ರ ಆಗಲಿ ಬಿಡ."

ಗಳ ಊರಿ ಅಪ್ಪ ಹೊರಟೇಬಿಟ್ಟ. ಅಕ್ಕ ಮಂಡಿಯುದ್ದ ನೀರಿಗಿಳಿದು, ದೂರ ಸರಿಯುತ್ತಿದ್ದ ಅವನ ಬೆನ್ನಿಗೆ ಉಕೆರೆವೆಯ ಪಾಠವನ್ನೆಲ್ಲ ಕೂಗಿ ಹೇಳಿದಳು. ಮೀನು, ಭತ್ತ, ದೋಣಿ, ಒಂದೂ ಬಿಡಲಿಲ್ಲ. ಅಪ್ಪ ತಿರುಗಿ ನೋಡಲಿಲ್ಲ. ನೀರು ಇಳಿದ ಮೇಲೂ ಅವಳನ್ನು ಶಾಲೆಗೆ ಕಳಿಸಲಿಲ್ಲ.

ಹೋದ ತಿಂಗಳು ಅಕ್ಕ ತೀರಿಕೊಂಡಳು. ಮಣ್ಣಿಗೆ ಬಂದವರು, "ಭಾಳ ಶಾಂತ ಸ್ವಭಾವದಾಕಿ, ಎಂದೂ ದನಿ ಎತ್ತಲಿಲ್ಲ" ಎಂದರು. ನನ್ನ ಮೈ ಉರಿಯಿತು. ಅವಳು ಎತ್ತಿದ ದನಿಯನ್ನು ನಾನು ಕೇಳಿದ್ದೇನೆ.

ಈಗ ಹೊಳೆಗೆ ಸೇತುವೆ ಇದೆ. ಶಾಲೆಯ ಗಾಡಿ ಬಾಗಿಲಿಗೇ ಬರುತ್ತದೆ, ನೀವು ಹುಡುಗಿಯರೇ ಮೊದಲು ನುಗ್ಗಿ ಹತ್ತುತ್ತೀರಿ. ಆ ಕೊಪ್ಪರಿಗೆ ಹಿತ್ತಲಲ್ಲಿ ದನಗಳಿಗೆ ನೀರು ಕುಡಿಸಲು ಬಿದ್ದಿದೆ. ನಿನ್ನೆ ನೀವು ಅದರೊಳಗೆ ಕುಣಿಯುತ್ತಿದ್ದಾಗ ನಾನು ಓಡಿ ಬಂದೆ, ನೀವು ಹೆದರಿ ಹೊರಗೆ ಹಾರಿದಿರಿ. ನಾನು ಬೈಯಲು ಬಂದಿರಲಿಲ್ಲ. ಮತ್ತೆ ಇಳಿಯಿರಿ. ಕೆಸರುಗಾಲಲ್ಲೇ ಇಳಿಯಿರಿ. ಜೋರಾಗಿ ಕುಣಿಯಿರಿ, ಅದರ ತಳ ತೂತಾದರೂ ಆಗಲಿ.