ಮಾವ ಮುಟ್ಟದ ಕಡಕ್ ರೊಟ್ಟಿ

ಯುದ್ಧದ ಬಗ್ಗೆ ಟಿವಿಯಲ್ಲಿ ನೋಡುವಂಥದ್ದು ಏನಾದರೂ ಹುಡುಕಿ ಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಮಾವ ಮಿಲಿಟರಿಯಿಂದ ನಿವೃತ್ತರಾದವರು. ಹತ್ತಿರದ ನೋಟ ಮಂಜಾದ ಮೇಲೆ ರಿಮೋಟಿನ ಗುಂಡಿ ಅವರಿಗೆ ಕಾಣುವುದಿಲ್ಲ. ಇಳಕಲ್ಲಿನ ನಮ್ಮ ಮನೆಯಲ್ಲಿ ಒಲೆಯೂ ಟಿವಿಯೂ ಒಂದೇ ಪಡಸಾಲೆಯಲ್ಲಿ ಎದುರುಬದುರು. ಸಂಜೆ ಮಗ್ಗದಿಂದ ಎದ್ದರೆ ಸೊಂಟ ನನ್ನದಲ್ಲ. ಆದರೂ ಒಂದು ಕೈಯಲ್ಲಿ ರಿಮೋಟು, ಇನ್ನೊಂದು ಕೈ ಹಿಟ್ಟಿನಲ್ಲಿ.

ಯಾವ ಚಾನೆಲ್ ಹಚ್ಚಿದರೂ ಕೂಗಾಟ. ಕೋಟು ಹಾಕಿಕೊಂಡವರು ಕೂತಲ್ಲೇ ಗಡಿ ದಾಟುತ್ತಾರೆ. ಸಿನಿಮಾ ಹಚ್ಚಿದರೆ ನಾಯಕ ಒಬ್ಬನೇ ಇಡೀ ದಂಡು ಮುಗಿಸುತ್ತಾನೆ.

"ಇವನ ಬೂಟಿಗೆ ಕೆಸರ ಹತ್ತಿಲ್ಲ ನೋಡವಾ. ಬ್ಯಾರೆ ಹಚ್ಚು" ಎಂದು ಮಾವ ಮುಖ ತಿರುಗಿಸುತ್ತಾರೆ.

ನನ್ನ ಬೇಸರ ಇದೊಂದೇ ಅಲ್ಲ. ನಮ್ಮ ಕಡೆ ಕಡಕ್ ರೊಟ್ಟಿ ಬಡಿದು, ಒಣಗಿಸಿ ಬುಟ್ಟಿ ತುಂಬಿಟ್ಟರೆ ತಿಂಗಳುಗಟ್ಟಲೆ ನಿಶ್ಚಿಂತೆ. ಮಾವ ಅದನ್ನು ಮುಟ್ಟುವುದಿಲ್ಲ, ದಿನಾ ಬಿಸಿ ರೊಟ್ಟಿಯೇ ಆಗಬೇಕು. ಹಲ್ಲು ಗಟ್ಟಿಯಿದ್ದಾಗಲೂ ಹೀಗೆಯೇ ಅಂತೆ. ಮಿಲಿಟರಿ ದಿಮಾಕು ಎಂದು ಅತ್ತೆ ಸಾಯುವತನಕ ಗೊಣಗಿದರು; ಅವರ ನಂತರ ನಾನು.

ಮೊನ್ನೆ ಒಂದು ಕಾರ್ಯಕ್ರಮ ಸಿಕ್ಕಿತು. ಸಂಗೀತವಿಲ್ಲ, ಗುಂಡಿನ ಸದ್ದಿಲ್ಲ. ಮುದಿ ಸೈನಿಕನೊಬ್ಬ ಮನೆ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದ. ಹಿಮ ಬಿದ್ದು ದಾರಿ ಕಟ್ಟಿತಂತೆ, ಗುಡ್ಡದ ಮೇಲಕ್ಕೆ ರೇಶನ್ ಬರಲಿಲ್ಲವಂತೆ. ಏನು ತಿಂದಿರಿ ಎಂದು ಕೇಳಿದರೆ ಆತ ನೆಲ ನೋಡಿದ.

"ಬದಲಿಸಲೇನ್ರಿ ಮಾವಾರ?" ಎಂದೆ.

"ಬ್ಯಾಡವಾ, ಇರ್ಲಿ. ಇದು ಖರೆ ಐತಿ."

ಕುರ್ಚಿ ಮುಂದಕ್ಕೆ ಎಳೆದುಕೊಂಡು, ಟಿವಿ ಕಡೆ ನೋಡುತ್ತಲೇ ಹೇಳಿದರು: "ಇಲ್ಲೇ ಮರೋಳದ ಕಡ್ಯಾಂವ ಒಬ್ಬಾಂವ ಇದ್ದ ನನ್ನ ಜೋಡಿ. ರಜಾ ಮುಗಿಸಿ ಬರೂವಾಗ ಅವರವ್ವ ಕಡಕ್ ರೊಟ್ಟಿ ಗಂಟು ಕಟ್ಟಿ ಕೊಟ್ಟಿದ್ಲು. ಅವಂಗ ಗುಂಡು ಬಿತ್ತು. ಗಂಟು ಬಿಚ್ಚಿರ್ಲಿಲ್ಲ. ನಮಗೂ ರೇಶನ್ ಬರ್ಲಿಲ್ಲ, ಅದನ್ನ ತಿಂದೇ ನಾವು ಉಳದ್ವಿ."

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಹಂಚು ಕೆಳಗಿಳಿಸಿ ಅವರ ಕಡೆ ತಿರುಗಿದೆ.

"ಊರಿಗೆ ಬಂದಾಗ ಅವನ ಮನಿಗೆ ಹೋಗಿದ್ದೆ. ‘ರೊಟ್ಟಿ ನನ್ನ ಮಗ ತಿಂದ್ನೇನಪಾ?’ ಅಂದ್ಲು ಅವರವ್ವ."

"ನೀವೇನಂದ್ರಿ?"

"ಎಲ್ಲಾ ಅವನೇ ತಿಂದ ಅಂದೆ. ಆಕಿ ಕಣ್ಣ ಒರಸ್ಕೊಂಡು, ನನ್ನ ತಾಟಿಗೂ ಅಂಥಾವೇ ಕಡಕ್ ರೊಟ್ಟಿ ಹಾಕಿದ್ಲು."