ಮುಗಿಯಬಾರದ ಗೋಡೆ

ಆ ಗಾರೆ ಮೇಸ್ತ್ರಿಯನ್ನು ಎಲ್ಲರೂ ಗೋಡೆಯ ಮಟ್ಟ ನೋಡುವ ಸಲಕರಣೆಯ ಹೆಸರು ಹಿಡಿದು ರಸಮಟ್ಟ ಎಂದೇ ಕರೆಯುತ್ತಿದ್ದರು. ಯಾರ ಮನೆಗೆ ಹೋದರೂ ಕುಶಲ ವಿಚಾರಿಸುವ ಮೊದಲು ಗೋಡೆಯ ಮೂಲೆ ನೋಡಿ, ಅದು ವಾಲಿದ್ದರೆ ಮುಖ ಸಿಂಡರಿಸುವ ಆಸಾಮಿ. ಸ್ವಂತ ಅಣ್ಣನ ಹೊಸ ಮನೆಯಲ್ಲಿ ಊಟಕ್ಕೆ ಕೂತವನು, ಕಿಟಕಿ ಸೊಟ್ಟಗಿದೆ ಎಂದು ಅರ್ಧಕ್ಕೇ ಎದ್ದು ಬಂದು, ವರ್ಷಗಟ್ಟಲೆ ಅತ್ತಿಗೆಯ ಬಾಯಿಗೆ ಆಹಾರವಾಗಿದ್ದ. ಇಂಥವನಿಗೆ ಕೈಯಾರೆ ಕಟ್ಟಿದ್ದನ್ನು ಕೈಯಾರೆ ಕೆಡಿಸುವ ಕೆಲಸ ಗಂಟುಬಿದ್ದದ್ದು ನಲ್ಲಿ ತಯಾರಿಸುವ ಕಾರ್ಖಾನೆಯಲ್ಲಿ.

ಅದೇ ಕಾರ್ಖಾನೆಯ ಪಾಲಿಶ್ ಶೆಡ್ಡಿನಲ್ಲಿ ಅವನ ಹೆಂಡತಿಗೆ ಕೆಲಸ. ತಿರುಗುವ ಚಕ್ರಕ್ಕೆ ಹಿತ್ತಾಳೆಯ ನಲ್ಲಿಯನ್ನು ಒತ್ತಿ ಹಿಡಿಯಬೇಕು. ಏಳುವ ಕರಿ ಧೂಳು ಹೊರಹೋಗಲು ಆ ತಗ್ಗು ಶೆಡ್ಡಿಗೆ ಒಂದು ಕಿಂಡಿಯೂ ಇಲ್ಲ. ಮನೆಗೆ ಬಂದು ಮೂಗು ಸೀನಿದರೆ ಬರೀ ಮಸಿ. ಕೆಮ್ಮು ಹತ್ತಿತೆಂದರೆ ಊಟವೂ ಇಲ್ಲ, ಮಾತೂ ಇಲ್ಲ. ಈ ಹಾಳು ಶೆಡ್ಡಿನಲ್ಲಿ ಇನ್ನೊಂದು ಚಳಿಗಾಲ ಕಳೆದರೆ ಶ್ವಾಸಕೋಶ ಕೈಕೊಡುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಾಗಾಗಿ ಕಂಪನಿಯವರು ಸಾಲ ಎತ್ತಿ, ಎತ್ತರದ ಕಿಟಕಿಗಳಿರುವ ಹೊಸ ಶೆಡ್ಡು ಕಟ್ಟಲು ಕರೆದಾಗ ರಸಮಟ್ಟ ಕುಣಿದಾಡಿಬಿಟ್ಟ. ಹೆಂಡತಿ ಕೂರುವ ಜಾಗವನ್ನು ಕಿಟಕಿಯ ಪಕ್ಕಕ್ಕೇ ಗೊತ್ತುಮಾಡಿದ್ದೂ ಆಯಿತು.

ಗೋಡೆಗಳು ಎದ್ದವು, ಚಾವಣಿ ಕೂತಿತು. ಹಿಂಭಾಗದ ಗೋಡೆಗೆ ಗಾರೆ ಮೆತ್ತಿ ಮುಗಿಸಿದ ದಿನ ಕಂಪನಿಯ ಲೆಕ್ಕದ ಸಾಹೇಬರು ಬಂದು ನೋಡಿ, ಎಲ್ಲ ಕೆತ್ತಿಹಾಕು ಎಂದರು. ಕೆಲಸದಲ್ಲಿ ತಪ್ಪಾಯಿತೇ ಎಂದು ಇವನಿಗೆ ಗಾಬರಿ.

"ಗಾರೆ ಚೆನ್ನಾಗೇ ಇದೆ ಮೇಸ್ತ್ರಿ. ಶೆಡ್ಡು ಮುಗೀಬಾರದು, ಅಷ್ಟೆ. ಕಟ್ಟಡ ಏಳ್ತಾ ಇರೋವರೆಗೆ ಸಾಲದ ಬಡ್ಡೀನ ಕಟ್ಟಡದ ಬೆಲೆಗೇ ಸೇರಿಸಿಬಿಡಬಹುದು. ಮುಗೀತು ಅಂದ್ರೆ ಆ ಬಡ್ಡೀನ ಖರ್ಚು ಅಂತ ತೋರಿಸ್ಬೇಕು. ಲಾಭ ನೆಲ ಕಚ್ಚುತ್ತೆ."

ಕೆತ್ತಿದ್ದಕ್ಕೂ ಕೂಲಿ, ಮತ್ತೆ ಮೆತ್ತಿದ್ದಕ್ಕೂ ಕೂಲಿ. ರಸಮಟ್ಟ ಉಳಿ ಎತ್ತಿಕೊಂಡು ಕೆತ್ತಿದ. ಲೆಕ್ಕ ತಪಾಸಣೆಯವರು ಬಂದು, ಬೋಳು ಇಟ್ಟಿಗೆ ನೋಡಿ, ಬಿಸ್ಕತ್ತು ತಿಂದು ಹೋದರು. ಕೆಲಸ ನಡೆಯುತ್ತಲೇ ಇದೆ ಎಂದು ತೋರಬೇಕಲ್ಲ, ಅವರು ಹೋದ ಮೇಲೆ ಮೆತ್ತುವುದು, ಮತ್ತೆ ಬರುವ ಮೊದಲು ಕೆತ್ತುವುದು. ಹೆಂಡತಿ ಕೇಳಿದಾಗಲೆಲ್ಲ ಸಿಮೆಂಟು ಬಂದಿಲ್ಲ ಎಂಬ ಸುಳ್ಳು. ಹಾಗೆ ಹೇಳುವಾಗ ತನ್ನ ನಾಲಗೆಯ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು. ಆದರೂ ಶನಿವಾರ ಕೂಲಿಗೆ ಕೈಯೊಡ್ಡುವುದನ್ನು ಬಿಡಲಿಲ್ಲ.

ಒಂದು ಬೆಳಿಗ್ಗೆ ಟೀ ಅಂಗಡಿಯ ಟಿವಿಯಲ್ಲಿ ಟೈ ಕಟ್ಟಿದ ಪಂಡಿತನೊಬ್ಬ ಹಲ್ಲು ಕಿರಿಯುತ್ತಿದ್ದ. ಕಂಪನಿಗಳ ಬಡ್ಡಿ ಖರ್ಚು ಇಳಿದಿದೆಯಂತೆ. ದೇಶದ ಆರ್ಥಿಕತೆ ಗಟ್ಟಿಮುಟ್ಟಾಗಿದೆ ಎನ್ನಲು ಇದಕ್ಕಿಂತ ಒಳ್ಳೆಯ ಸೂಚಕ ಬೇಕಿಲ್ಲವಂತೆ. ಉದಾಹರಣೆಗೆ ಅವನು ಎತ್ತಿದ್ದು ಇದೇ ನಲ್ಲಿ ಕಂಪನಿಯ ಹೆಸರು. ರಸಮಟ್ಟ ಬಾಯಲ್ಲಿದ್ದ ಟೀಯನ್ನು ಚರಂಡಿಗೆ ಉಗುಳಿದ. ಥೂ, ಇವರ ಜನ್ಮಕ್ಕಿಷ್ಟು! ದೇಶದ ನಾಡಿ ನೋಡುತ್ತೇವೆ ಎಂದು ಬೀಗುವವರು ನೋಡಿದ್ದು ಅವನು ಕೆತ್ತಿಹಾಕಿದ ಗೋಡೆಯನ್ನು.

ಅಂದು ತಪಾಸಣೆಗೆ ಮುಂಚಿನ ದಿನ. ಇನ್ನು ಕೆತ್ತುವುದಿಲ್ಲ ಎಂದು ಲೆಕ್ಕದ ಸಾಹೇಬರ ಮೇಜಿನ ಮೇಲೆ ಉಳಿಯನ್ನು ಕುಕ್ಕಿದ. ಸಾಹೇಬರಿಗೆ ಕೋಪವೂ ಬರಲಿಲ್ಲ. ಬೇರೊಬ್ಬ ಮೇಸ್ತ್ರಿಗೆ ಫೋನ್ ಮಾಡಿ, ಮಧ್ಯಾಹ್ನದೊಳಗೆ ಬಂದುಬಿಡು ಎಂದರು. ಆ ತಣ್ಣನೆಯ ದನಿ ಕೇಳಿ ಇವನಿಗೆ ಮೈ ಪರಚಿಕೊಳ್ಳುವಂತಾಯಿತು.

ನೇರ ಹಳೆಯ ಶೆಡ್ಡಿಗೆ ನುಗ್ಗಿ, ಚಕ್ರದ ಸ್ವಿಚ್ಚು ಆರಿಸಿ, ಹೆಂಡತಿಯ ರಟ್ಟೆ ಹಿಡಿದು ಹೊರಗೆ ಕರೆತಂದ. ಗೇಟಿನ ಬಳಿ ಅವಳ ಕೆಮ್ಮು ನಿಲ್ಲುವವರೆಗೆ ಕಾದು, ಇನ್ನು ಇಲ್ಲಿ ಕಾಲಿಡುವುದು ಬೇಡ ಎಂದ. ಬಡ್ಡಿ, ಗೋಡೆ, ಸಿಮೆಂಟಿನ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿದ. ಶಭಾಷ್ ಅನ್ನುತ್ತಾಳೆಂಬ ಆಸೆ ಮನಸ್ಸಿನ ಮೂಲೆಯಲ್ಲಿ ಇದ್ದೇ ಇತ್ತು.

ಅವಳು ತೋಳಿನಿಂದ ಮೂಗು ಒರೆಸಿಕೊಂಡಳು.

"ಎಷ್ಟು ಸಲ ಕೆತ್ತಿದ್ರಿ?"

ಅವನು ತಲೆ ತಗ್ಗಿಸಿ, ಲೆಕ್ಕ ಇಟ್ಟಿಲ್ಲ ಎಂದ.

"ಮೊದಲ್ನೇ ಸಲ ಕೆತ್ತಿದ ದಿನಾನೇ ಬಂದು ನನ್ನ ಕರ್ಕೊಂಡು ಹೋಗ್ಬಹುದಿತ್ತಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಚಾಚಿದ ಕೈಯನ್ನು ಹಿಡಿಯದೆ ಅವಳು ಒಬ್ಬಳೇ ಮನೆಯ ದಾರಿ ಹಿಡಿದಳು.